ಮಂಜಿನ ಮೆಷಿನ್ನು ಉಸುಕಿನ ಹೊಲಕ್ಕೆ ಬಂದಿದ್ದು

ಪಟ್ ಅಂತು. ಸುರುಳಿ ನಿಂತೋಯ್ತು. ಇಂಜಿನ್ ಮಾತ್ರ ಏನೂ ಆಗಿಲ್ಲ ಅನ್ನಂಗೆ ಓಡ್ತಾನೇ ಇತ್ತು.

ಕ್ಲಚ್ ತುಳ್ದು, ಟ್ರ್ಯಾಕ್ಟರಿಂದ ಮೆಷಿನ್ ತಿರುಗಿಸೋ ಪಿಟಿಓ ಬಿಡಿಸ್ದೆ. ಬಾಯೊಳಗೆ ಉಸುಕು, ಕಿವಿಯೊಳಗೆ ಉಸುಕು, ಅಂಗಿ ಜೇಬಲ್ಲೂ ಉಸುಕು. ಭಾವ ನಿಂತಿದ್ದ ತಾವ ಭಾವನ ಅಳತೆದೇ ಒಂದು ಉಸುಕಿನ ಗೊಂಬೆ ನಿಂತಿತ್ತು. ಅದು ಕಣ್ಣು ಬಿಡ್ತು. ಉಗುಳ್ತು. ಆಮೇಲೆ ಮಾತಾಡ್ತು.

"ಲೇ ತಮ್ಮ, ಯಾಕ ನಿಂದ್ರಿಸಿದಿ? ಚಲೋ ಹೊಂಟಿತ್ತಲ್ಲ."

"ನಾನೆಲ್ಲಿ ನಿಲ್ಲಿಸ್ದೆ ಭಾವ? ಅದೇ ನಿಂತ್ಕಂತು. ಒಳಗೆ ಏನೋ ಮುರೀತು."

ಅಕ್ಕ ಬದದ ಮೇಲೆ ಕೂತಿದ್ಲು, ಸೆರಗು ಮುಖಕ್ಕೆ ಸುತ್ಕಂಡು. ಕಣ್ಣು ಮಾತ್ರ ಕಾಣ್ತಿದ್ವು. "ಚಲೋ ಹೊಂಟಿತ್ತಂತೆ," ಅಂದ್ಲು. "ಎಸ್ದಿದ್ದೆಲ್ಲ ತಿರುಗಿ ನಿಮ್ ತಲೆ ಮೇಲೇ ಬಿತ್ತು. ಹೊಲ ಬಿಟ್ಟು ಒಂದ್ ಪುಟ್ಟಿ ಉಸುಕು ಆಚೆ ಹೋಗಿಲ್ಲ. ಇನ್ನೊಂದೀಟು ಓಡ್ಸಿ, ನಿಮ್ಮಿಬ್ರನ್ನೂ ಇಲ್ಲೇ ಹೂತು ಮನೆಗೆ ಹೋಗ್ತೀನಿ."

ಆ ಮೆಷಿನ್ನು ಉಸುಕು ಎಸೆಯೋಕೆ ಮಾಡಿದ್ದಲ್ಲ. ಮಂಜು ಎಸೆಯೋದು. ಉತ್ತರದ ಕಡೆ ಬೆಟ್ಟದ ಊರುಗಳಲ್ಲಿ ರೋಡ್ ಮೇಲೆ ಮಂಜು ಬಿದ್ದು ದಾರಿ ಮುಚ್ಕಂಡ್ರೆ ಇದನ್ನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸ್ತಾರೆ. ನಾವು ಮಣ್ಣು ಪುಡಿ ಮಾಡೋಕೆ ರೋಟಾವೇಟರ್ ಸಿಕ್ಕಿಸ್ತೀವಲ್ಲ, ಹಂಗೇ. ಪಿಟಿಓ ಶಾಫ್ಟ್ ಕೊಟ್ರೆ ಓಡುತ್ತೆ. ಅಗಲ ಬಾಯಿ. ಬಾಯೊಳಗೆ ಉದ್ದಕ್ಕೂ ಕಬ್ಬಿಣದ ಸುರುಳಿ. ಸುರುಳಿ ತಿರುಗಿ ಎರಡೂ ಕಡೆಯಿಂದ ಮಂಜನ್ನ ಮಧ್ಯಕ್ಕೆ ಎಳ್ಕಂತದೆ. ಅಲ್ಲಿ ಒಂದು ಫ್ಯಾನು ಅದನ್ನ ಹೊಡ್ದು ಮೇಲಿನ ಸೊಂಡ್ಲಲ್ಲಿ ಆಚೆ ತೂರುತ್ತೆ. ಸೊಂಡ್ಲು ಅನ್ನೋದು ನಾನಿಟ್ಟ ಹೆಸ್ರು. ಆನೆ ಸೊಂಡ್ಲು ಥರಾನೇ ಬಗ್ಗಿತ್ತು.

ತಂದಿದ್ದು ಭಾವ. ಅವ್ರು ಲಾರಿ ಡ್ರೈವರ್ರು. ರಾಯದುರ್ಗದಲ್ಲಿ ಹೊಲ್ದ ಜೀನ್ಸ್ ಪ್ಯಾಂಟಿನ ಬಂಡಲ್ ತುಂಬ್ಕಂಡು ಉತ್ತರಕ್ಕೆ ಹೋಗ್ತಾರೆ, ಬರೋವಾಗ ಸೇಬಿನ ಲೋಡು. ಒಂದ್ಸಲ ಲೋಡಿಗೆ ಕಾಯ್ತಾ ಇದ್ದಾಗ ಬೆಟ್ಟದ ಬುಡದ ಗುಜರಿ ಅಂಗಡೀಲಿ ಇದು ಕಂಡೈತೆ. ಏನಿದು ಅಂತ ಕೇಳವ್ರೆ. ಮಂಜು ಎಸೆಯೋದು ಅಂದವ್ರೆ. ತಕ್ಷಣ ಅಕ್ಕನ ಹೊಲ ನೆನಪಿಗೆ ಬಂದೈತೆ. ಸೇಬಿನ ಡಬ್ಬಗಳ ಹಿಂದೆ ಟಾರ್ಪಲ್ ಹೊದ್ಸಿ ತಂದು ಮನೆ ಮುಂದೆ ಇಳ್ಸಿದ್ರು. ಅಕ್ಕ ಅದನ್ನ ನೋಡಿ, "ಎಲ್ರೂ ಸೀರೆ ತರ್ತಾರೆ," ಅಂದ್ಲು.

ಅಕ್ಕನ ಹೊಲ ಅಂದ್ರೆ ಇದು. ಕಣೇಕಲ್ಲು ಕಡೆ, ಹಗರಿ ಹೊಳೆಗೆ ಹತ್ರ. ಉದ್ದ ಜಾಸ್ತಿ, ಅಗಲ ಕಮ್ಮಿ, ಓಣಿ ಥರ. ಹೊಳೇಲಿ ನೀರಿರಲ್ಲ, ಉಸುಕು ಇರುತ್ತೆ. ಮುಂಗಾರಿನ ಗಾಳಿ ಪಡುವಲಿಂದ ಎದ್ರೆ ಆ ಉಸುಕು ಎದ್ದು ಹೊಲಕ್ಕೆ ಬರುತ್ತೆ. ಬೇಲಿ ಹಾಕಿದ್ರೂ ಬರುತ್ತೆ. ವರ್ಷ ವರ್ಷ ಹೆಂಗಸ್ರು ಪುಟ್ಟೀಲಿ ಹೊತ್ತು ಪಡುವಲ ಬದದ ಮೇಲೆ ಹಾಕ್ತಿದ್ರು. ಈ ವರ್ಷ ಹೊಲ ಪೂರ್ತಿ ಮುಚ್ಕಂಡಿತ್ತು. ಮೂಡಲ ಬದದ ತಾವ ಹಿಮ್ಮಡಿ ಮುಳುಗೋಷ್ಟು, ಪಡುವಲ ಕಡೆ ಮೊಣಕಾಲು ಗಂಟ. ಅದು ಪುಟ್ಟಿಗೆ ಮುಗಿಯೋ ಕೆಲ್ಸ ಅಲ್ಲ.

ಮಳೆ ಆಗಿತ್ತು. ಎಲ್ರೂ ಬಿತ್ತೋಕೆ ಕೂರಿಗೆ ಕಟ್ಟಿದ್ರು. ಅಕ್ಕ ಕಡ್ಲೆಕಾಯಿ ಬೀಜ ಸುಲ್ಸಿ ಇಟ್ಟಿದ್ಲು, ಮೂಟೆಗಟ್ಲೆ. ಸುಲ್ದ ಬೀಜ ಬಾಳ ದಿನ ಇಡೋಕಾಗಲ್ಲ, ಮುಗ್ಗು ಹಿಡಿಯುತ್ತೆ, ಮೊಳಕೆ ಸಾಯುತ್ತೆ. ಈ ಹದಕ್ಕೆ ಬಿದ್ರೆ ಬಿತ್ತು. ಇಲ್ದಿದ್ರೆ ಹೊಲ ಈ ವರ್ಷ ಬೀಳು, ಬೀಜ ಎಣ್ಣೆ ಗಾಣಕ್ಕೆ. ಆ ಹೊಲ ಅಕ್ಕನೇ ನೋಡ್ಕಳೋದು, ಭಾವ ತಿಂಗಳಲ್ಲಿ ಮುಕ್ಕಾಲು ರೋಡಲ್ಲಿರ್ತಾರೆ. ನಾನು ಮಡಕಶಿರಾ ಕಡೆಯವ್ನು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು. ಅಕ್ಕನ ಮನೇಲಿದ್ದು ಅವ್ರ ಟ್ರ್ಯಾಕ್ಟರ್ ಓಡುಸ್ತೀನಿ.

ಮೆಷಿನ್ ಜೊತೆ ಯಾವ ಪುಸ್ತಕಾನೂ ಬಂದಿರ್ಲಿಲ್ಲ. ಬಂದಿದ್ರೂ ನಾನು ಓದ್ತಿರ್ಲಿಲ್ಲ. ಮನೆ ಮುಂದೆ ಅದನ್ನ ಮಲಗ್ಸಿ, ಎಬ್ಬಿಸಿ, ಸುತ್ತ ಸುತ್ತಿ ನೋಡ್ದೆ. ಸೊಂಡ್ಲಿನ ಮಡಿಕೇಲಿ ಒಣಗಿದ ಎಲೆ ಸಿಕ್ಕಂಡಿದ್ವು. ಎಲೆ ಅಂದ್ರೆ ಸೂಜಿ ಥರ, ಉದ್ದಕ್ಕೆ. ಮುರಿದು ಮೂಸ್ದೆ. ಟರ್ಪಂಟೈನ್ ವಾಸ್ನೆ. ಇಂಥ ಎಲೆ ಇರೋ ಮರದ ಕೆಳಗೆ ಕುರಿ ಏನ್ ತಿಂತಾವೋ ಅಂದ್ಕಂಡೆ.

ನಂಗೆ ಮಂಜು ಅಂದ್ರೆ ನಮ್ ಮಡಕಶಿರಾ ಕಡೆ ಬೆಳಿಗ್ಗೆ ಹೊತ್ತು ರತ್ನಗಿರಿ ಕೋಟೆ ಮೇಲೆ ಕೂತ್ಕಳೋದು. ಅದನ್ನ ಯಾರೂ ಎಸೆಯಲ್ಲ. ಬಿಸ್ಲು ಬಂದ್ರೆ ಹೋಗುತ್ತೆ. ಅದಕ್ಕೇ ಭಾವನ್ನ ಕೇಳ್ದೆ.

"ಭಾವ, ಆ ಮಂಜು ಹೆಂಗಿರುತ್ತೆ?"

"ಬೆಳ್ಳಗ."

"ಬೆಳ್ಳಗೆ ಅಂತ ಗೊತ್ತು. ಭಾರ ಎಷ್ಟು? ಉಸುಕಿನಷ್ಟು ಇರುತ್ತಾ?"

"ರಾಶಿ ಬಿದ್ದಿರತೈತೆಪ. ಉಪ್ಪಿನ ರಾಶಿ ಇದ್ದಂಗ."

"ಮುಟ್ಟಿದ್ರೆ?"

ಭಾವ ಬೀಡಿ ಹಚ್ಚೋಕೆ ಶುರು ಮಾಡಿದ್ರು. ಅಕ್ಕ ಒಳಗಿಂದ ಕೂಗಿದ್ಲು, "ಮುಟ್ಟಿದ್ರೆ ತಾನೇ ಹೇಳೋಕೆ! ದೂರದಿಂದ ಬೆಟ್ಟದ ಮೇಲೆ ನೋಡಿ ಬಂದವ್ರೆ ಅಷ್ಟೇ."

"ನನಗ ಲೋಡ್ ಇತ್ತಲೇ," ಅಂದ್ರು ಭಾವ. "ಬರ್ಫ್ ನೋಡ್ಕೋತ ಕುಂತ್ರ ಸೇಬು ಕೊಳಿತಾವ."

ಹಂಗಾಗಿ ಮಂಜು ಹೆಂಗಿರುತ್ತೆ ಅಂತ ಆ ಮೆಷಿನ್ನನ್ನೇ ಕೇಳ್ಬೇಕಾಯ್ತು. ಅದು ಒಂದೊಂದಾಗಿ ಹೇಳ್ತು.

ಮೊದಲ್ನೇದು, ಅದರ ಬಾಯಿ ಹಿಂದಕ್ಕಿತ್ತು. ಟ್ರ್ಯಾಕ್ಟರಿಗೆ ಸಿಕ್ಕಿಸಿ ಹೊಲಕ್ಕೆ ಇಳ್ಸಿ ಮುಂದಕ್ಕೆ ಓಡಿಸಿದ್ರೆ ಸುಮ್ನೆ ಬೆನ್ನಲ್ಲಿ ಉಸುಕು ಎಳ್ಕಂಡು ಬಂತು, ಒಂದು ಹಿಡೀನೂ ತಿನ್ಲಿಲ್ಲ. ಭಾವ, "ಉಲ್ಟಾ ಮಾಡ್ಯಾರ ನನ್ ಮಕ್ಳು," ಅಂದ್ರು. ನಾನು ಇಳ್ದು ನೋಡ್ದೆ. ಉಲ್ಟಾ ಮಾಡಿಲ್ಲ. ರಿವರ್ಸ್‌ನಾಗೆ ಹೋಗ್ಬೇಕು. ಯಾಕೆ ಅಂತ ಒಂದ್ ಗಳಿಗೆ ನಿಂತು ಯೋಚ್ನೆ ಮಾಡ್ದೆ. ರಿವರ್ಸ್ ಹೋದ್ರೆ ಬಾಯಿ ಮೊದ್ಲು ಹೋಗುತ್ತೆ, ಚಕ್ರ ಆಮೇಲೆ. ಚಕ್ರ ಯಾವಾಗ್ಲೂ ಬಳಿದ ನೆಲದ ಮೇಲೇ ಇರುತ್ತೆ. ಅಂದ್ರೆ ಮಂಜು ತುಳಿದ್ರೆ ಗಟ್ಟಿ ಆಗುತ್ತೆ, ಇಲ್ಲಾ ಚಕ್ರ ಜಾರುತ್ತೆ. ಎರಡರಲ್ಲಿ ಒಂದು.

ಎರಡನೇದು, ಸೊಂಡ್ಲು ತಿರುಗಿಸೋಕೆ ಒಂದು ಉದ್ದ ಹಿಡಿ. ಸೀಟಲ್ಲಿ ಕೂತೇ ತಿರುಗಿಸ್ಬೋದು. ನಮ್ ಕಡೆ ಮೆಷಿನ್ನಾಗಿದ್ರೆ ಇಳ್ದು ಕೈಯಲ್ಲಿ ತಿರುಗ್ಸು ಅಂತ ಬಿಟ್ಬಿಡೋರು. ಅಲ್ಲಿ ಡ್ರೈವರ್ ಇಳಿಯಲ್ಲ. ಚಳಿ ಅಷ್ಟಿರ್ಬೇಕು.

ಕತ್ತು ಹಿಂದಕ್ಕೆ ತಿರುಗಿಸ್ಕಂಡೇ ಕೂತು ಓಡಿಸ್ದೆ. ರೋಡಲ್ಲಿ ಹೋಗೋರು ನಿಂತು ನೋಡೋರು. ಒಬ್ಬ ಬೈಕ್ ನಿಲ್ಸಿ ಕೇಳ್ದ, "ಏನಪ, ಬಿತ್ತನಿ ಹಿಂದ್ ಹಿಂದಕ ಮಾಡ್ತೀಯೇನು? ಬೆಳಿ ಭೂಮಿ ಒಳಗ ಬರತೈತೇನು?"

ಸೊಂಡ್ಲನ್ನ ಪಡುವಲಕ್ಕೆ ತಿರುಗಿಸಿದ್ದು ಭಾವನ ಮಾತಿಗೆ. ಗಾಳಿ ಬರ್ತಿದ್ದಿದ್ದೂ ಪಡುವಲಿಂದಾನೇ. ಯಾಕೆ ಹಂಗೆ ಮಾಡಿದ್ವಿ ಅಂತ ಬೇರೆ ಕಡೆಯೋರು ಕೇಳ್ಬೋದು. ಮೂಡಲಕ್ಕೆ ಎಸ್ದಿದ್ರೆ ಗಾಳಿ ಜೊತೆಗೇ ಹೋಗ್ತಿತ್ತು. ಆದ್ರೆ ಮೂಡಲ ಬದ ದಾಟಿದ್ರೆ ಕುರಿ ಸಾಕೋ ತಾತನ ಹೊಲ, ನಾವು ಕುರಿ ತಾತ ಅಂತೀವಿ. ಈ ಊರುಗಳಲ್ಲಿ ಒಂದು ಮಾತೈತೆ, ಯಾರೂ ಬರೆದಿಟ್ಟಿಲ್ಲ, ಎಲ್ರಿಗೂ ಗೊತ್ತು. ಗಾಳಿ ತಂದು ಹಾಕಿದ್ರೆ ಯಾರನ್ನೂ ಕೇಳಂಗಿಲ್ಲ. ಮನುಷ್ಯ ಒಂದು ಪುಟ್ಟಿ ಉಸುಕು ಪಕ್ಕದ ಹೊಲಕ್ಕೆ ಸುರಿದ್ರೆ ಪಂಚಾಯ್ತಿ ಆಗುತ್ತೆ. ತೆಗ್ದ ಉಸುಕು ಬಂದ ದಾರಿಗೇ ಹಾಕ್ಬೇಕು, ಪಡುವಲಕ್ಕೆ. ಪುಟ್ಟೀಲಿ ಹೊತ್ತು ಬದದ ಮೇಲೆ ಸುರಿಯೋವಾಗ ಆ ಮಾತು ಸರಿ. ಮೆಷಿನ್ನಲ್ಲಿ ಆಳೆತ್ತರ ತೂರೋವಾಗ ಅದೇ ಮಾತು ಹಿಡ್ಕಂಡು ಹೋದ್ವಿ. ಗಾಳಿ ನಮ್ ಮುಖಕ್ಕೇ ತಂದು ಹೊಡೀತು.

ಆಗ್ಲೇ ಪಟ್ ಅಂದಿದ್ದು.

ಮುರಿದಿದ್ದು ಒಂದು ಬೋಲ್ಟು. ಸುರುಳಿನ ಅದರ ಶಾಫ್ಟಿಗೆ ಹಿಡ್ಕಂಡಿರೋ ಬೋಲ್ಟು, ಕಿರುಬೆರಳಷ್ಟು ದಪ್ಪ. ಎರಡು ತುಂಡು ಎತ್ಕಂಡು ನೋಡ್ದೆ. ಮುರಿದ ಜಾಗದಲ್ಲಿ ಸುತ್ತಲೂ ಒಂದು ಗೀಟು ಕೊಯ್ದಿತ್ತು. ಉಜ್ಜಿ ಸವೆದಿದ್ದಲ್ಲ, ಬೇಕು ಅಂತಾನೇ ಕೊಯ್ದಿದ್ದು.

"ಭಾವ, ಇದನ್ನ ಮುರೀಲಿ ಅಂತಾನೇ ಮಾಡವ್ರೆ."

"ಮುರೀಲಿ ಅಂತ ಯಾರಲೇ ಬೋಲ್ಟ್ ಮಾಡ್ತಾರ? ಕಂಪನಿಯವ್ರು ಮೋಸ ಮಾಡ್ಯಾರ. ಹಗುರ ಮಾಲು ಹಾಕ್ಯಾರ."

"ಹಗುರ ಮಾಲಾದ್ರೆ ಗೀಟು ಯಾಕೆ?"

"ನೀ ಏಳನೇ ಕ್ಲಾಸ್ ಬಿಟ್ಟು ಇಂಜಿನಿಯರ್ ಆಗಬ್ಯಾಡ," ಅಂದು ಬೈಕ್ ಹತ್ತಿ ರಾಯದುರ್ಗಕ್ಕೆ ಹೋದ್ರು. ಲಾರಿ ಸ್ಪ್ರಿಂಗ್ ಪ್ಲೇಟಿಗೆ ಹಾಕೋ ಜಾತಿ ಬೋಲ್ಟು ತಂದ್ರು. ಸುತ್ತಿಗೆ ಹೊಡೆದ್ರೆ ಸುತ್ತಿಗೆ ಎಗರೋದು. ಲಾರಿಯವ್ರಿಗೆ ಯಾವಾಗ್ಲೂ ಹಂಗೇ. ಒಂದು ಮುರಿದ್ರೆ ಇನ್ನೂ ಗಟ್ಟಿದು ಹಾಕು. ನಮ್ ರೋಟಾವೇಟರ್ಗಳಲ್ಲೂ ಎಲ್ರೂ ಹಂಗೇ ಮಾಡಿರೋದು. ನಾನೂ ಹಾಕ್ದೆ. ವಾದ ಮಾಡ್ತಾ ಕೂತ್ರೆ ಹದ ಆರುತ್ತೆ.

ಮಾರನೇ ದಿನ ಅರ್ಧ ಸಾಲೂ ಹೋಗಿರ್ಲಿಲ್ಲ. ಉಸುಕಿನ ಒಳಗೆ ಹಳೇ ಬದದ ಕಲ್ಲೊಂದು ಹೂತು ಕೂತಿತ್ತು. ಮೇಲಿಂದ ಕಾಣೋದೆಂಗೆ? ಸುರುಳಿ ಅದನ್ನ ಕಚ್ಚಿತು. ಈ ಸಲ ಪಟ್ ಅನ್ಲಿಲ್ಲ. ಟ್ರ್ಯಾಕ್ಟರ್ ಪೂರ್ತಿ ಅದುರ್ತು, ಸ್ಟೇರಿಂಗ್ ಕೈಯಿಂದ ಕಿತ್ಕಂತು, ಹಿಂದೆ ಕರ್‌ರ್ ಅಂತ ಸದ್ದು. ನಾನು ಎರಡು ಕಾಲಲ್ಲೂ ಕ್ಲಚ್ ಮೇಲೆ ನಿಂತ್ಕಂಡೆ.

ಬೋಲ್ಟು ಮುರಿದಿರ್ಲಿಲ್ಲ. ಬದಲಿಗೆ ಸುರುಳಿಯ ಪಟ್ಟಿ ಮಡಚ್ಕಂಡಿತ್ತು. ಪಿಟಿಓ ಶಾಫ್ಟು ಒಗೆದು ಹಿಂಡಿದ ಟವಲ್ ಥರ ತಿರುಚ್ಕಂಡಿತ್ತು. ಇನ್ನೊಂದೀಟು ಆಗಿದ್ರೆ ಟ್ರ್ಯಾಕ್ಟರ್ ಗೇರ್ ಬಾಕ್ಸಿಗೇ ಹೋಗ್ತಿತ್ತು. ಗೇರ್ ಬಾಕ್ಸ್ ಹೋದ್ರೆ ಉಸುಕು ತೆಗೆಯೋದೂ ಇಲ್ಲ, ಬಿತ್ತನೆನೂ ಇಲ್ಲ.

ಅಕ್ಕ ಬಂದು ನೋಡಿದ್ಲು. ಮದುವೆ ಆಗಿ ಇಲ್ಲಿ ಬಂದ್ಮೇಲೆ ಅವಳ ಮಾತು ಅರ್ಧ ಈ ಕಡೇದಾಗೈತೆ. ಸಿಟ್ಟು ಬಂದಾಗ ಮಾತ್ರ ಪೂರ್ತಿ ಮಡಕಶಿರಾ ಬರುತ್ತೆ. "ಬೋಲ್ಟು ಸಾಯೋಕೆ ಅಂತ ಇದ್ದಿದ್ದು ಕಣ್ರೀ. ಅದು ಸತ್ರೆ ಮಿಕ್ಕಿದ್ದೆಲ್ಲ ಉಳೀತಿತ್ತು. ನೀವು ಅದನ್ನ ಸಾಯೋಕೆ ಬಿಡ್ಲಿಲ್ಲ. ನನ್ ಬೀಜ ಇನ್ನೆಷ್ಟು ದಿನ ಮೂಟೇಲಿ ಉಸಿರು ಹಿಡ್ಕಂಡಿರ್ಬೇಕು?"

ಭಾವ ತಲೆ ಕೆರ್ಕಂಡ್ರು. "ಆತು ಬಿಡು. ಪುಟ್ಟಿ ತರಿಸೋಣು."

"ಪುಟ್ಟಿ ಹೊರೋರು ಎಲ್ಲವ್ರೆ? ಊರೋರೆಲ್ಲ ಬಿತ್ತನೆಗೆ ಹೋಗವ್ರೆ."

ಅದೂ ನಿಜ. ನಾನು ಸುರುಳಿ ಬಿಚ್ಚಿ ಆಟೋಗೆ ಹಾಕ್ಕಂಡು ರಾಯದುರ್ಗಕ್ಕೆ ಹೋದೆ.

ವೆಲ್ಡಿಂಗ್ ಅಂಗಡಿಯವ್ನು ಅರ್ಧ ತೆಲುಗು ಅರ್ಧ ಕನ್ನಡ. "ಇದೇಂದಪ್ಪ? ಕಬ್ಬಿನ ಗಾಣದ್ದಾ?" ಅಂದ.

"ಮಂಜು ಎತ್ತೋದು."

ಅವ್ನು ಬೆಟ್ಟದ ಕಡೆ ನೋಡ್ದ. ಬಿಸ್ಲಿಗೆ ಕೋಟೆ ಗೋಡೆ ಹೊಳೀತಿತ್ತು. "ರಾಯದುರ್ಗಂಲೋನಾ?" ಅಂದ. ಒಳಗಿದ್ದೋರೆಲ್ಲ ನಕ್ರು. ನಾನೂ ನಕ್ಕೆ. ಕೆಲ್ಸ ಮುಗಿಯೋಕೆ ಹೊತ್ತಾಗುತ್ತೆ, ಹೋಗಿ ಬಾ ಅಂದ.

ಬೋಲ್ಟ್ ಅಂಗಡೀಲಿ ಎಲ್ಲಕ್ಕಿಂತ ಮೆತ್ತಗಿರೋ ಬೋಲ್ಟು ಕೊಡ್ರಿ ಅಂದೆ. ಮೆತ್ತಗಿರೋದು ಯಾಕ್ರಿ, ಎಲ್ರೂ ಗಟ್ಟಿದು ಕೇಳ್ತಾರ ಅಂದ. ಮುರೀಬೇಕು ಅಂದೆ. ಅವ್ನು ನನ್ನ ಮುಖ ನೋಡ್ಕಂತಾನೇ ಪೊಟ್ಟಣ ಕಟ್ಟಿದ. ಹ್ಯಾಕ್ಸಾ ತಗಂಡು ಒಂದೊಂದಕ್ಕೂ ಸುತ್ತ ಗೀಟು ಕೊಯ್ಕಂಡು ಕೂತೆ.

ಬಾಯಾರಿಕೆ ಆಗಿ ಕೂಲ್ ಡ್ರಿಂಕ್ಸ್ ಅಂಗಡಿಗೆ ಹೋದೆ. ಅಂಗಡಿಯಮ್ಮ ಡೀಪ್ ಫ್ರಿಡ್ಜ್ ಬಾಗ್ಲು ತೆಗೆದ್ಲು. ಒಳಗೋಡೆಗೆ ದಪ್ಪಗೆ ಬೆಳ್ಳಗೆ ಕಟ್ಕಂಡಿತ್ತು. ನಂಗೆ ತಲೇಲಿ ಏನೋ ಹೊಳೀತು.

"ಅಕ್ಕ, ಒಂದ್ ಚಮಚ ಕೊಡ್ರಿ."

"ಸೋಡಾಕ್ಕ ಚಮಚ ಯಾಕಪ?"

"ಸೋಡಾಗಲ್ಲ. ಆ ಬೆಳ್ಳಗಿರೋದನ್ನ ಕೆರೀತೀನಿ."

"ಕೆರಿಯಪ, ಕೆರಿ. ನನಗೂ ಒಂದ್ ಕೆಲಸ ಉಳೀತೈತಿ. ಪೂರಾ ಕೆರದ ಹೋಗು ಮತ್ತ, ಅರ್ಧಕ್ಕ ಬಿಡಬ್ಯಾಡ."

ತಲೆ ಒಳಗಾಕಿ ಕೆರ್ದೆ. ಒಂದು ಅಂಗೈ ತುಂಬ ಬಂತು. ಇನ್ನೊಂದ್ ಅಂಗೈಗೆ ಜೇಬಿನ ಉಸುಕು ಸುರ್ಕಂಡೆ. ಬಾಗ್ಲಲ್ಲಿ ನಿಂತು ಎರಡನ್ನೂ ತೂಗಿ ನೋಡ್ದೆ. ಉಸುಕು ಭಾರ. ಆ ಬೆಳ್ಳಂದು ಭಾರಾನೇ ಇಲ್ಲ. ಊದಿದ್ರೆ ಎದ್ದೋಯ್ತು. ಅಮುಕಿದ್ರೆ ಉಂಡೆ ಆಯ್ತು, ಚಕ್ರ ಯಾಕೆ ಮೇಲೆ ಹೋಗ್ಬಾರ್ದು ಅಂತ ಗೊತ್ತಾಯ್ತು. ಆಮೇಲೆ ನೋಡ್ತಾ ನೋಡ್ತಾ ಬೆರಳ ಸಂದೀಲಿ ನೀರಾಗಿ ಸೋರೋಯ್ತು. ಕೈ ಖಾಲಿ. ಇನ್ನೊಂದ್ ಕೈಯಲ್ಲಿ ಉಸುಕು ಹಂಗೇ ಕೂತಿತ್ತು.

ಎರಡು ವಿಷಯ ತಿಳೀತು. ಒಂದು, ಈ ಮೆಷಿನ್ನು ಹಗುರ ಸಾಮಾನು ನುಂಗೋಕೆ ಮಾಡಿದ್ದು. ಉಸುಕನ್ನ ಬಾಯ್ ತುಂಬ ಕೊಟ್ರೆ ಗಂಟಲು ಕಟ್ಟುತ್ತೆ. ಬಾಯಿ ಒಂದೀಟು ಎತ್ತಿ ಹಿಡ್ದು, ಮೇಲ್ ಮೇಲೆ, ಪದರ ಪದರ ತಿನ್ನಿಸ್ಬೇಕು. ಎರಡು, ಮಂಜು ಎಸ್ಯೋನಿಗೆ ಎಲ್ಲಿಗೆ ಎಸೀತೀನಿ ಅನ್ನೋ ಚಿಂತೆ ಇಲ್ಲ. ಪಕ್ಕಕ್ಕೆ ಹಾಕಿದ್ರೆ ಆಯ್ತು, ಬಿಸ್ಲು ಬಂದು ಅದನ್ನ ಎತ್ಕಂಡು ಹೋಗುತ್ತೆ. ಉಸುಕನ್ನ ಯಾರೂ ಎತ್ಕಂಡು ಹೋಗಲ್ಲ. ಎಲ್ಲಿಗೆ ಅಂತ ನಾವೇ ಹೇಳ್ಬೇಕು. ಮೆಷಿನ್ನಿಗೆ ಅದು ಗೊತ್ತಿಲ್ಲ.

ಅಂಗಡಿಯಮ್ಮ ಫ್ರಿಡ್ಜ್ ಇಣುಕಿ ನೋಡಿ, "ಇಷ್ಟ ಏನು? ಮೂಲಿಯಾಗ ಬಿಟ್ಟೀಯಲ್ಲ," ಅಂದ್ಲು. ಮೂಲೇನೂ ಕೆರ್ದು ಬಂದೆ.

ಸರಿ ಮಾಡಿದ ಸುರುಳಿ ವಾಪಸ್ ತಂದು ಕೂರಿಸ್ದೆ, ತಿರುಚಿದ ಶಾಫ್ಟಿನ ಬದ್ಲು ರೋಟಾವೇಟರ್ ಶಾಫ್ಟ್ ಬಿಚ್ಚಿ ಇದಕ್ಕೆ ಹಾಕ್ದೆ. ಸರಿಯಾಗಿ ಕೂತ್ಕಂತು. ಆ ದೇಶದ್ದಕ್ಕೂ ನಮ್ದಕ್ಕೂ ಅಷ್ಟಾದ್ರೂ ಒಂದೇ ಐತಲ್ಲ ಅನ್ನಿಸ್ತು. ಆಗ ಹೊಲದಲ್ಲಿ ಕೂತು ಉಸುಕು ಕೈಯಲ್ಲಿ ತೋಡಿ ಕೆಳಗಿನ ಮಣ್ಣು ಮುಟ್ದೆ. ಹಸಿ ಇತ್ತು. ಹಿಡಿದ್ರೆ ಉಂಡೆ ಕಟ್ಟೋ ಹಸಿ. ಅಕ್ಕನ್ನ ಕರ್ದೆ. ಅವಳೂ ಮುಟ್ಟಿದ್ಲು. ಎದ್ದು ರೋಡಾಚೆ ಇರೋ ಬೇರೆಯೋರ ಹೊಲಕ್ಕೆ ಹೋಗಿ ಅಲ್ಲೂ ಮುಟ್ಟಿ ಬಂದ್ಲು.

"ಅಲ್ಲಿ ಆರೋಗ್ತಾ ಐತೆ," ಅಂದ್ಲು. "ಇಲ್ಲಿ ಉಸುಕು ಹದ ಮುಚ್ಚಿಟ್ಟೈತೆ ಕಣೋ."

ಹೊಲ ಹಾಳು ಮಾಡಿದ್ದೇ ಹದ ಕಾಯ್ದಿತ್ತು. ಆದ್ರೆ ಉಸುಕು ತೆಗ್ದ ತಕ್ಷಣ ಅದೂ ಆರೋಕೆ ಶುರು ಆಗುತ್ತೆ. ಅಂದ್ರೆ ಪಟ್ಟಿ ಪಟ್ಟಿ ತೆಗೀಬೇಕು, ತೆಗ್ದ ಪಟ್ಟೀಲಿ ಆಗಲೇ ಬೀಜ ಹಾಕ್ಬೇಕು. ದಾರಿ ಸಿಕ್ತು. ಎಸೆಯೋದೆಲ್ಲಿಗೆ ಅನ್ನೋದು ಮಾತ್ರ ಸಿಗ್ಲಿಲ್ಲ.

ಅದು ತಾನಾಗೇ ಕೋಲು ಹಿಡ್ಕಂಡು ಬಂತು. ಕುರಿ ತಾತ. ಮೂಡಲ ಹೊಲದೋನು. ಕಂಬಳಿ ಹೆಗಲ ಮೇಲೆ, ಕಣ್ಣು ಕೆಂಪಗೆ.

"ಏನಪ ಡ್ರೈವರಾ, ಎರಡ ದಿನ ಆತು, ನನ್ ಕುರಿ ಕಣ್ಣು ಬಿಡವಲ್ವು. ಹಗರಿ ಗಾಳಿ ಸಾಲ್ದಂತ ನೀ ಒಂದ್ ಗಾಳಿ ಇಟಗಂಡೀಯೇನು?"

ಭಾವ ಟವಲ್ ಕೊಡವ್ಕಂಡು ಎದ್ದು ನಿಂತ್ರು. "ಬರ್ರಿ ಮಾವ, ಕುಂದರ್ರಿ. ನಿಮ್ಮ ಹೊಲಕ್ಕ ಒಂದ್ ಹಿಡಿ ಹಾಕಿಲ್ರಿ. ಪಡುವಲಕ್ಕ ಒಗದೀವ್ರಿ."

"ಪಡುವಲಕ್ಕ ಒಗದ್ರ ಎಲ್ಲಿ ಬರತೈತಿ? ಗಾಳಿ ನಿನ್ನ ಅಳಿಯನೇನಪ, ನೀ ಹೇಳಿದ ಕಡಿ ಹೋಗಾಕ?"

ಅಕ್ಕ ಸೆರಗೊಳಗೆ ನಕ್ಕಿದ್ದು ನಂಗೆ ಕೇಳಿಸ್ತು.

ತಾತ ಕೋಲಲ್ಲಿ ಮೆಷಿನ್ ಬಾಯಿ ತಟ್ಟಿ ನೋಡ್ದ. ಸೊಂಡ್ಲೊಳಗೆ ಇಣುಕಿದ. "ಇದ ಎಷ್ಟ ದೂರ ಉಗಳತೈತಿ?"

ನಾನು ಹೇಳ್ದೆ, "ಗಾಳಿಗೆ ಎದುರು ಎಸೆದ್ರೆ ನಮ್ ಮೇಲೇ. ಗಾಳಿ ಜೊತೆ ಎಸೆದ್ರೆ ಮೂಡಲ ಬದ ದಾಟುತ್ತೆ ತಾತ. ಅದು ನಿಮ್ ಹೊಲ. ಅದಕ್ಕೇ ಎಸ್ದಿಲ್ಲ."

"ಬದದ ಆಚಿ ನನ್ನ ರೊಪ್ಪ ಐತಲ್ಲ, ಅಲ್ಲಿಗೆ ಬೀಳತೈತೇನು?"

ರೊಪ್ಪ ಅಂದ್ರೆ ರಾತ್ರಿ ಕುರಿ ಕೂಡೋ ಮುಳ್ಳುಬೇಲಿ ಜಾಗ. ಬದಕ್ಕೆ ಅಂಟ್ಕಂಡೇ ಇತ್ತು. ಅಲ್ಲಿ ತಗ್ಗು, ಎರೆ ಮಣ್ಣು. ಮಳೆ ಬಿದ್ಮೇಲೆ ಕೆಸರು, ಹಿಕ್ಕೆ, ಉಚ್ಚೆ ಎಲ್ಲ ಕಲಸ್ಕಂಡಿತ್ತು. ಕುರಿ ಅದರಲ್ಲೇ ನಿಂತ್ರೆ ಗೊರಸು ಕೊಳೆಯುತ್ತೆ, ಕುಂಟ್ತಾವೆ. ಸೊಂಡ್ಲು ಆ ಕಡೆ ತಿರುಗಿಸಿದ್ರೆ ಬೀಳುತ್ತೆ ತಾತ, ಅಂದೆ. ಭಾವ ಇನ್ನೂ ಕ್ಷಮೆ ಕೇಳೋ ಮುಖದಲ್ಲೇ ಇದ್ರು.

"ಕುರಿ ಕುಂಟಾಕ ಹತ್ಯಾವು," ಅಂದ ತಾತ. "ಕೆಳಗ ಉಸುಕು ಹಾಸಿದ್ರ ಗೊರಸು ಆರತಾವು. ಹಗರಿಯಿಂದ ಒಂದ್ ಟ್ರ್ಯಾಕ್ಟರ್ ಉಸುಕು ತರಾಣಂದ್ರ ದಾರ್ಯಾಗ ಹಿಡೀತಾರ, ಆ ಕಾಗದ ಎಲ್ಲಿ, ಈ ಕಾಗದ ಎಲ್ಲಿ ಅಂತಾರ. ಇದು ತಾನ ನಡಕೊಂಡ್ ಬಂದೈತಿ. ಇದಕ್ಕ ಕಾಗದ ಯಾರ್ ಕೇಳ್ತಾರ? ಒಗೀರಿ ಅಲ್ಲಿಗೇ."

"ಮಾವ, ನಾಳೆ ನಿಮ್ ಮಕ್ಕಳು ಬಂದು ಕೇಳಿದ್ರ?" ಅಂದ್ರು ಭಾವ.

"ನಾ ಒಗಿ ಅಂದೀನಿ. ಅಲ್ಲಿ ಕುಂತ ನೋಡ್ತೀನಿ. ಆದ್ರ ರೊಪ್ಪಕ್ಕ ಬೀಳ್ಬೇಕು. ಹೊಲದಾಗ ಒಂದ್ ಹಿಡಿ ಬಿದ್ರ ಮತ್ತ ಇದ ಕೋಲು."

ಕುರಿ ಮೇಯೋಕೆ ಬಿಟ್ಟು ಬಂದು ತಾತ ನಿಜವಾಗ್ಲೂ ಅಲ್ಲೇ ಕೂತ್ಕಂಡ. ನಾನು ಮೂಡಲ ಅಂಚಿಂದ ಶುರು ಮಾಡ್ದೆ. ರಿವರ್ಸ್, ಬಾಯಿ ಒಂದೀಟು ಮೇಲೆ, ಇಂಜಿನ್ ಜೋರು, ಗಾಡಿ ನಿಧಾನ. ಸೊಂಡ್ಲು ರೊಪ್ಪದ ಕಡೆ. ಉಸುಕು ಎದ್ದು ಗಾಳಿ ಮೇಲೆ ಹಾಸ್ಕಂಡು ಬದ ದಾಟಿ ಮುಳ್ಳುಬೇಲಿ ಒಳಗೆ ಬಿತ್ತು. ನೋಡ್ತಾ ಕೂತ್ರೆ ಬೇಜಾರಾಗಲ್ಲ. ಮಂಜಾಗಿದ್ರೆ ಇನ್ನೂ ದೂರ ಹೋಗ್ತಿತ್ತು ಅನ್ಕಂಡೆ. ಸದ್ದೂ ಬೇರೆ ಇರ್ತಿತ್ತು. ಉಸುಕು ಸೊಂಡ್ಲೊಳಗೆ ಹೋಗೋ ಸದ್ದು ಒಣ ಹುರುಳಿ ಮೊರಕ್ಕೆ ಸುರಿದಂಗೆ. ಮಂಜಿಂದು ಸದ್ದೇ ಇರಲ್ವೇನೋ.

ಒಳಗೆ ತಾತ ಕೋಲೆತ್ತಿ ಕೂಗ್ತಿದ್ದ, "ಎಡಕ! ಎಡಕ! ಅದು ಮೇವಿನ ಜಾಗ ಅದು! ಆ, ಹಂಗ!" ನಾನು ಸೀಟಲ್ಲೇ ಕೂತು ಹಿಡಿ ತಿರುಗಿಸ್ತಿದ್ದೆ.

ಬೋಲ್ಟು ಮುರೀತು. ಇಳ್ದೆ, ಬೇರೆ ಹಾಕ್ದೆ, ಓಡಿಸ್ದೆ. ಮತ್ತೆ ಮುರೀತು, ಮತ್ತೆ ಹಾಕ್ದೆ. ಪ್ರತಿ ಸಲ ಕೆಳಗೆ ಒಂದು ಕಲ್ಲೋ ಬೇರೋ ಇರ್ತಿತ್ತು. ಮುರಿದಾಗ ಸಿಟ್ಟು ಬರ್ಲಿಲ್ಲ. ಭಾವ ಒಂದ್ಸಲ ತುಂಡು ಎತ್ಕಂಡು ಗೀಟು ನೋಡಿ ಜೇಬಿಗೆ ಹಾಕ್ಕಂಡ್ರು.

ಒಂದಷ್ಟು ಪಟ್ಟಿ ಆಯ್ತಾ, ಟ್ರ್ಯಾಕ್ಟರಿಂದ ಮೆಷಿನ್ ಬಿಚ್ಚಿ ಕೂರಿಗೆ ಕಟ್ಟೋದು. ಬಿತ್ತೋದು. ಕೂರಿಗೆ ಬಿಚ್ಚಿ ಮೆಷಿನ್ ಕಟ್ಟೋದು. ಕಟ್ಟೋದು ಬಿಚ್ಚೋದರಲ್ಲೇ ಬೆನ್ನು ಬಿತ್ತು. ಬಿತ್ತೋವಾಗ ಮುಂದಕ್ಕೆ, ಉಸುಕಿಗೆ ಹಿಂದಕ್ಕೆ. ಒಂದ್ಸಲ ಮರ್ತು ಕೂರಿಗೆ ಕಟ್ಕಂಡು ರಿವರ್ಸ್ ಹಾಕ್ಬಿಟ್ಟೆ. ಅಕ್ಕ ಬೀಜದ ಪುಟ್ಟಿ ಕೆಳಗಿಟ್ಟು ಕೂಗಿದ್ಲು, "ಲೋ! ಇದು ಮಂಜಲ್ಲ ಕಣೋ, ಕಡ್ಲೆಕಾಯಿ!"

ಮಧ್ಯದ ಪಟ್ಟಿಗಳಿಂದ ರೊಪ್ಪಕ್ಕೆ ನೇರ ಬೀಳ್ಲಿಲ್ಲ. ದೂರ ಆಯ್ತು. ಅಲ್ಲಾಗ್ಲೇ ಬಿತ್ತಿರೋ ಸಾಲಿನ ಮೇಲೆ ಬೀಳ್ತಿತ್ತು. ಅಕ್ಕ ಓಡಿ ಬಂದು ಕೈ ಅಡ್ಡ ಹಿಡಿದ್ಲು. ಆಮೇಲೆ ಹಿಂಗ್ ಮಾಡಿದ್ವಿ. ಮಧ್ಯದಲ್ಲಿ ಒಂದು ಪಟ್ಟಿ ಬಿತ್ತದೇ ಬಿಟ್ವಿ. ಅದರ ಮೇಲೆ ಎಲ್ಲ ಗುಡ್ಡೆ ಎಸ್ದು, ಉದ್ದಕ್ಕೆ ಬದ ಮಾಡಿದ್ವಿ. ಹೊಲ ಎರಡು ಹೋಳಾಯ್ತು. ಪಡುವಲ ಅಂಚಿನ ಮೊಣಕಾಲುದ್ದದ ಉಸುಕು ಮಾತ್ರ ನನ್ ಕೈಲಿ ಆಗ್ಲಿಲ್ಲ. ಮೆಷಿನ್ ಬಾಯಿ ಎಷ್ಟೆತ್ತಿದ್ರೂ ಗಂಟಲು ಕಟ್ಟಿತು. ಅಲ್ಲಿ ಬಿಡು ಅಂದ್ಲು ಅಕ್ಕ. ಅಲ್ಲಿಗೆ ತಾತ, ಬಿತ್ತನೆ ಮುಗೀಲಿ, ಹಗಲು ಹೊತ್ತು ಕುರಿ ತಂದು ನಿಲ್ಲಿಸ್ತೀನಿ, ಹಿಕ್ಕೆ ಬಿದ್ದು ಬಿದ್ದು ಉಸುಕಿಗೆ ಮೈ ಬರತೈತಿ ಅಂದ. ನಿಲ್ಲಿಸಿದ ಕೂಡ.

ಕೊನೇ ಪಟ್ಟಿಗೆ ಹೋಗೋಷ್ಟರಲ್ಲಿ ಮಣ್ಣಲ್ಲಿ ಹಸಿ ಕಮ್ಮಿ ಆಗಿತ್ತು. ಬೀಜಾನೂ ಮೂಟೆ ತಳದ್ದು. ಅಕ್ಕ ಒಂದು ಹಿಡಿ ಎತ್ತಿ ಮೂಸಿದ್ಲು. ಹಾಕೋದೋ ಬೇಡ್ವೋ ಅಂತ ನಿಂತ್ಲು. ಭಾವ, "ಹಾಕು, ಹುಟ್ಟಿದ್ರ ಹುಟ್ಲಿ," ಅಂದ್ರು. ಹಾಕಿದ್ಲು. ಮಾರನೇ ದಿನಾನೇ ಭಾವನಿಗೆ ಲೋಡ್ ಬಂತು, ಹೋದ್ರು.

ಒಂದು ವಾರದ ಮೇಲೆ ನಾನೂ ಅಕ್ಕನೂ ಹೊಲಕ್ಕೆ ಹೋದ್ವಿ. ಹಿಂದಿನ ದಿನ ಗಾಳಿ ಎದ್ದಿತ್ತು. ಸಾಲಿನ ಮೇಲೆಲ್ಲ ಮತ್ತೆ ತೆಳ್ಳಗೆ ಉಸುಕು ಕೂತಿತ್ತು. ಹಸ್ರು ಒಂದೂ ಕಾಣ್ಲಿಲ್ಲ. ಅಕ್ಕ ಮೂಡಲ ಬದದ ತಾವ ಕುಕ್ಕರಗಾಲಲ್ಲಿ ಕೂತು ಬೆರಳ ತುದೀಲಿ ಉಸುಕು ಸವರಿದ್ಲು.

ಎರಡೆಲೆ. ಬಾಗಿ ಮೇಲೇಳ್ತಾ ಇತ್ತು.

"ಐತೆ," ಅಂದ್ಲು.

ಮುಂದಕ್ಕೆ ಸರಿದು ಸವರಿದ್ಲು. "ಇಲ್ಲೂ ಐತೆ."

ಹಂಗೇ ಸಾಲು ಸಾಲು ಸವರ್ಕಂಡು ಹೋದ್ಲು, ನಾನು ಹಿಂದೆ. ಮಧ್ಯದ ಬದ ದಾಟಿದ್ಮೇಲೂ ಇತ್ತು. ಕೊನೇ ಪಟ್ಟೀಲಿ ಮಾತ್ರ ಅರ್ಧಕ್ಕರ್ಧ ಹುಟ್ಟಿರ್ಲಿಲ್ಲ. ಅಲ್ಲಿ ಒಂದು ಬೀಜ ಕಿತ್ತು ಸೀಳಿ ನೋಡಿದ್ಲು, ಮುಗ್ಗು ಹಿಡ್ದಿತ್ತು, ಎಸೆದ್ಲು. ಉಳಿದ ಹೊಲ ಹುಟ್ಟಿತ್ತು.

ಇಷ್ಟೇ ಆಗಿದ್ದು. ನನ್ ತಾವ ಹೇಳೋಕೆ ಇನ್ನೇನೂ ಇಲ್ಲ.